ದೊಡ್ಡಪ್ಪ ಕಲಿಸಿದ ಪದ: ನಾಮರ್ದ

ಇವತ್ತು ಕಲಬುರಗಿಯ ರೋಜಾ ಬಡಾವಣೆಯಲ್ಲಿ ಹೆಂಡತಿಯ ವ್ಯಾನಿಟಿ ಬ್ಯಾಗ್ ಹಿಡಿದು ನಿಂತಿದ್ದವನನ್ನು ಯಾರೋ ‘ನಾಮರ್ದ’ ಎಂದು ನಕ್ಕರು. ನನಗೆ ಥಟ್ಟನೆ ಕಮಲಾಪುರದ ಮನೆ ನೆನಪಾಯಿತು.

ಸೊಂಟ ಮುರಿದು ಮಲಗಿದ್ದ ಅಜ್ಜಿಯ ಸೀರೆಗಳನ್ನು ಅಪ್ಪ ದಿನಾ ಅಂಗಳದಲ್ಲಿ ಕೂತು ಒಗೆಯುತ್ತಿದ್ದ. ದೊಡ್ಡಪ್ಪ ಕಟ್ಟೆಯ ಮೇಲೆ ಮೀಸೆ ತೀಡುತ್ತ, ಓಣಿಗೆಲ್ಲ ಕೇಳುವಂತೆ, “ನೋಡ್ರೀ, ನನ್ನ ತಮ್ಮ ನಾಮರ್ದ ಆಗ್ಯಾನ” ಅನ್ನುತ್ತಿದ್ದ.

ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಹೆಂಗಸಿಗೆ ಅರ್ಥ ಕೇಳಿದೆ.

“ಗಂಡಸ್ತನ ಇಲ್ಲದಾಂವ ಅಂತ, ಬೇಟಿ. ಅಂಜಿ ಓಡಿ ಹೋಗಾಂವಗೂ ಹಂಗೇ ಅಂತಾರ.”

ಒಂದು ದಿನ ಅಪ್ಪ ಜ್ವರದಿಂದ ಮೇಲೇಳಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು. ಅಜ್ಜಿಯ ಹಾಸಿಗೆ ಒದ್ದೆಯಾಗಿತ್ತು.

“ನೀ ಮರ್ದ ಅದಿಯಲ್ಲಪಾ, ಬಾ, ನನ್ನ ಎತ್ತು” ಎಂದು ಅಜ್ಜಿ ದೊಡ್ಡಪ್ಪನನ್ನು ಕರೆದಳು.

ಅವನು ಬಾಗಿಲ ತನಕ ಬಂದು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡ. “ಕಲಬುರಗ್ಯಾಗ ಅರ್ಜೆಂಟ್ ಕೆಲಸ ಅದ” ಎಂದವನೇ ಬಸ್ ಹತ್ತಿದ. ಅಜ್ಜಿಯನ್ನು ಖಾಲಾ ಮತ್ತು ನಾನು ಎತ್ತಿದೆವು. ಆ ಪದದ ಎರಡನೆಯ ಅರ್ಥ ನನಗೆ ತಿಳಿದದ್ದು ಅವತ್ತೇ.

ಅಜ್ಜಿ ತೀರಿಕೊಂಡಾಗ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಮೀಸೆಗೆ ಮಾತ್ರ ಎಣ್ಣೆ ಹಚ್ಚಿಕೊಂಡೇ ಬಂದಿದ್ದ.

ಈಗಲೂ ಮದುವೆ ಮನೆಗಳಲ್ಲಿ ನೆಂಟರೆಲ್ಲ ಅವನ ಕಾಲಿಗೆ ಬೀಳುತ್ತಾರೆ. ನಾನು ಬೀಳುವುದಿಲ್ಲ.