ತಿಪ್ಪಕ್ಕನ ಅಳಿಯಂದಿರು

"ತಿಪ್ಪಕ್ಕಗೆ ಹೊಟ್ಟೇಲಿ ಹುಟ್ಟಿದ್ದು ಒಂದೂ ಇಲ್ಲ, ಅಳಿಯಂದ್ರು ಮಾತ್ರ ಗುಡ್ಡದ ತುಂಬ ಅವ್ರೆ!"

ತಾಳ್ಯದ ಆಚೆಗಿನ ಆ ಹಟ್ಟಿಯ ಹೆಂಗಸರು ನೀರಿಗೆ ಹೋಗುವಾಗ ಹೀಗೆಂದು ನಗುತ್ತಿದ್ದರು. ಪಕ್ಕದ ಮನೆಯ ನಾಗಕ್ಕನಂತೂ, "ಯುಗಾದಿಗೆ ಅಷ್ಟು ಜನಕ್ಕೆ ಹೋಳಿಗೆ ತಟ್ಟಿ ತಟ್ಟಿ ನಮ್ಮಕ್ಕನ ಕೈ ಬಿದ್ದೋಗ್ತಾವೆ ಕಣ್ರೇ" ಎಂದು ಒಗ್ಗರಣೆ ಹಾಕುತ್ತಿದ್ದಳು.

ಆ ಕೈಗೆ ಹೋಳಿಗೆಗಿಂತ ಮಣ್ಣು ಚೆನ್ನಾಗಿ ಗೊತ್ತಿತ್ತು. ಗಂಡ ಪಾಲಯ್ಯ ಮೊದಲು ಕುರಿ ಕಾಯುತ್ತಿದ್ದವನು. ಹುಲ್ಲು ಸವೆದು ಕುರಿಮಂದೆ ಕರಗಿದ ಮೇಲೆ ಇದ್ದಿಲು ಸುಡುವ ಕೆಲಸ ಹಿಡಿದ. ಅವನು ಮರ ಕಡಿದು ತುಂಡು ಪೇರಿಸಿದರೆ, ಅದರ ಮೇಲೆ ಸೊಪ್ಪು ಹೊದಿಸಿ, ಕೆಸರುಮಣ್ಣು ಮೆತ್ತಿ, ಗೂಡು ಮುಚ್ಚುವುದು ತಿಪ್ಪಕ್ಕನ ಪಾಲು. ಇದ್ದಿಲ ಗೂಡೆಂದರೆ ಉಸಿರು ಕಟ್ಟಿದ ಬೆಂಕಿ. ಕಾವು ಹೊರಗೆ ಹೋಗಬಾರದು, ಗಾಳಿ ಒಳಗೆ ನುಗ್ಗಬಾರದು. ಬೆರಳಗಲ ಬಿರುಕು ಬಿಟ್ಟರೂ ಸಾಕು, ಭುಗಿಲೆದ್ದು ಎಲ್ಲ ಬೂದಿ. ಆಕೆ ಅಂಗೈ ಚಾಚಿಕೊಂಡು ಗೂಡಿನ ಸುತ್ತ ಬಂದರೆ ಬಿರುಕೇ ಕೈಗೆ ಬಂದು ತಾಗುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆ. ಬಬ್ಬೂರಿನ ಕಡೆಯಿಂದ ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರು ಗುಡಿಯ ಮುಂದೆ ಜನ ಸೇರಿಸಿ ಸಸಿ ನೆಡುವ ಮಾತಾಡಿದರು.

"ಸೌದೆ, ಕಲ್ಲಿದ್ದಿಲು, ಎಣ್ಣೆ, ಏನು ಸುಟ್ಟರೂ ಅದರ ಗಾಳಿ ಮೇಲೆ ಹೋಗಿ ಅಲ್ಲೇ ನಿಲ್ಲುತ್ತೆ. ದೊಡ್ಡ ದೊಡ್ಡ ದೇಶದ ಕಾರ್ಖಾನೆಗಳದ್ದೇ ಹೆಚ್ಚು ಅನ್ನಿ. ಅದು ಭೂಮಿಗೆ ಹೊದಿಕೆ ಹಾಕಿದ ಹಾಗೆ, ಕಾವು ಹೊರಗೆ ಬಿಡೋದಿಲ್ಲ. ಮರಗಳು ಆ ಗಾಳೀನ ಕುಡಿದು ಇಟ್ಟುಕೊಳ್ತಾವೆ. ನಾವು ಆ ಮರಾನೇ ಕಡಿದು ಸುಡ್ತೀವಿ."

"ಹೊದಿಕೆ ಇದ್ರೆ ಒಳ್ಳೇದೇ ಆತಲ್ಲ ಸಾಮಿ, ಒಂದು ಕಂಬಳಿ ಉಳೀತು!" ಎಂದು ಯಾರೋ ಅಂದರು. ಹಟ್ಟಿಗೆ ಹಟ್ಟಿಯೇ ನಕ್ಕಿತು. ಅಧಿಕಾರಿಯೂ ನಕ್ಕರು.

ತಿಪ್ಪಕ್ಕನಿಗೆ ಮಾತ್ರ ನಗು ಬರಲಿಲ್ಲ. ಮುಚ್ಚಿದ ಗೂಡಿನೊಳಗೆ ಏನಾಗುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಗಕ್ಕನ ತೋಳು ಹಿಡಿದು, "ನಾವೆಲ್ಲ ಗೂಡಿನ ಒಳಗೇ ಕುಂತೀವಿ ಕಣೇ ನಾಗಿ" ಎಂದಳು. ನಾಗಕ್ಕ ಅವಳ ಹಣೆ ಮುಟ್ಟಿ ನೋಡಿದಳು.

ಮನೆಗೆ ಬಂದು ಗಂಡನಿಗೆ, "ಈ ಕೆಲಸ ಬಿಡಾಣ ಕಣ್ರಿ. ಗುಡ್ಡ ಹಂಗೇ ನಿಲ್ಲಲಿ. ಹುಲ್ಲು ಬಂದ್ರೆ ಮತ್ತೆ ಕುರಿ ಕಟ್ಟಾಣ" ಎಂದಳು.

"ಹುಲ್ಲು ಬರೋಗಂಟ ಏನು ತಿನ್ನಾಣ? ನಿನ್ನ ಸಾಹೇಬ ಹೇಳಿದ ಗಾಳೀನಾ?"

ಅವನ ಮಾತೂ ಸುಳ್ಳಲ್ಲ. ಆದರೆ ತಿಪ್ಪಕ್ಕ ಮಣ್ಣಿನ ಬುಟ್ಟಿ ಮುಟ್ಟಲಿಲ್ಲ. ಬದಲಿಗೆ ಅರಿಶಿನದ ಕೊಂಬು, ಹಸಿದಾರ ಹಿಡಿದು ಗುಡ್ಡ ಹತ್ತಿದಳು. ಅರಳಿಗೂ ಬೇವಿಗೂ ಮದುವೆ ಮಾಡುವುದು ಎಲ್ಲ ಊರಲ್ಲೂ ಉಂಟು. ತಾಳಿ ಕಟ್ಟಿಸಿಕೊಂಡ ಮರಕ್ಕೆ ಕೊಡಲಿ ಎತ್ತುವ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಈಕೆ ಕಮರದ ಮರಕ್ಕೆ ಕಗ್ಗಲಿಯನ್ನು ಹೆಣ್ಣು ತಂದಳು, ದಿಂಡಿಗದ ಮರಕ್ಕೆ ಹುಣಸೆಯನ್ನು ತಂದಳು. ಹೆಣ್ಣುಮರಗಳೆಲ್ಲ ತನ್ನ ಮಕ್ಕಳೆಂದು ತಾನೇ ಧಾರೆ ಎರೆದಳು. ಬಂದವರಿಗೆ ಬೆಲ್ಲದ ನೀರು. ಜನ ನಗುತ್ತಲೇ ಅಕ್ಷತೆ ಹಾಕಿದರು. ಕೊಡಲಿಯವರು ಬುಡದವರೆಗೆ ಬಂದು, ಹಳದಿ ದಾರ ಕಂಡು, ಕೈ ಮುಗಿದು ಹಿಂತಿರುಗಿದರು. ಎರಡು ಮಳೆಗಾಲ ಗುಡ್ಡ ಉಳಿಯಿತು. ಬುಡದಲ್ಲಿ ಅಲ್ಲಲ್ಲಿ ಹುಲ್ಲೂ ಕಾಣಿಸಿತು. ಪಾಲಯ್ಯ ದೂರದ ಗುಡ್ಡಗಳಿಗೆ ಕೂಲಿಗೆ ಹೋಗಿ ಅರೆಹೊಟ್ಟೆಯಲ್ಲಿ ಬರುತ್ತಿದ್ದ.

ತಾಳಿ ಕಟ್ಟಿದವಳು ಒಂದು ಮಾತು ಮರೆತಿದ್ದಳು. ಮದುವೆ ಇದ್ದಲ್ಲಿ ಮುತ್ತೈದೆತನ ಹೋಗುವುದೂ ಇರುತ್ತದಲ್ಲ. ಒಂದು ಗಂಡುಮರ ಬಿಸಿಲಿಗೆ ಒಣಗಿತು. "ಹೆಣ್ಣು ರಂಡೆ ಆತು, ಊರಿಗೆ ಕೇಡು" ಎಂದು ಹಿರಿಯರು ಜೊತೆಮರದ ದಾರ ಹರಿಸಿ ಅದನ್ನೂ ಕಡಿಸಿದರು. ಇದ್ದಿಲು ಕೊಳ್ಳುವ ಕಂಟ್ರಾಕ್ಟರು ಲಾರಿಯಲ್ಲಿ ಕೂತೇ ಇದನ್ನು ಕೇಳಿ ನಕ್ಕ. "ಅಂದ್ರೆ ಗಂಡು ಸತ್ರೆ ಸಾಕು!"

ಮುಂದಿನ ಬೇಸಿಗೆಗೆ ಅಳಿಯಂದಿರು ಸಾಲುಸಾಲಾಗಿ ಎಲೆ ಉದುರಿಸಿದರು. ತಿಪ್ಪಕ್ಕ ಒಂದು ಕಮರದ ಬುಡ ಕೆರೆದು ನೋಡಿದಳು. ಮರ ನಿಂತಲ್ಲೇ ಒಣಗಲೆಂದು ಸುತ್ತಲೂ ಬಳೆಯ ಹಾಗೆ ತೊಗಟೆ ಸುಲಿದಿದ್ದರು. ಕಾಣದಿರಲೆಂದು ಮೇಲೆ ಮಣ್ಣು ಮೆತ್ತಿದ್ದರು. ಒದ್ದೆ ಅಂಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ತೀಡಿದ, ಅಂಚು ಕಾಣದ ಮೆತ್ತುವಿಕೆ. ಹಟ್ಟಿಯಲ್ಲಿ ಹಾಗೆ ಮೆತ್ತಲು ಬರುತ್ತಿದ್ದದ್ದು ಇಬ್ಬರಿಗೇ. ಒಬ್ಬಳು ತಾನು, ಇನ್ನೊಬ್ಬ ತನ್ನ ಕೈ ನೋಡಿ ಕಲಿತವನು.

"ನೀವಾ?"

ಪಾಲಯ್ಯ ತಲೆ ಎತ್ತಲಿಲ್ಲ. "ನಾನೇ. ಇನ್ಯಾರಿಗೆ ಬರ್ತೈತೆ? ನೀನು ಮರದ ಹೊಟ್ಟೆ ನೋಡ್ತೀಯ, ನನ್ನ ಹೊಟ್ಟೆ ಯಾರು ನೋಡ್ತಾರೆ ಹೇಳು."

"ಇನ್ನೊಂದೆರಡು ಮಳೆ ಕಾದಿದ್ರೆ ಕುರಿ ಕಟ್ಟಬೋದಿತ್ತಲ್ರೀ."

"ಯಾವಾಗ? ನನ್ನ ಹೆಣ ಎತ್ತಿದ ಮೇಲಾ?"

ತಿಪ್ಪಕ್ಕ ಹೊರಗೆ ನಡೆದಳು. ಸಗಣಿ ಹೊತ್ತು ಗುಡ್ಡಕ್ಕೆ ಓಡಿದಳು. ಗಾಯಗಳಿಗೆ ಮೆತ್ತಿದಳು, ಹಳೆಯ ಸೀರೆ ಹರಿದು ಕಟ್ಟಿದಳು, ಕೊಡಗಟ್ಟಲೆ ನೀರು ಹೊತ್ತಳು. ಎಲೆ ಉದುರುವುದು ನಿಲ್ಲಲಿಲ್ಲ. ಆಮೇಲೆ ಕೊಡಲಿಗಳು ಬಂದವು. ಈ ಸಲ ಯಾರೂ ಕೈ ಮುಗಿಯಲಿಲ್ಲ.

ಹಿಂದೆಂದೂ ಕಾಣದಷ್ಟು ದೊಡ್ಡ ಗೂಡು ಎದ್ದಿತು. ಪಾಲಯ್ಯ ಒಬ್ಬನೇ ಮೆತ್ತಿ ಬೆಂಕಿ ಕೊಟ್ಟ. ಬೆಳಿಗ್ಗೆ ಅವನ ಕೂಗು ಹಟ್ಟಿಯವರೆಗೆ ಕೇಳಿತು. "ತಿಪ್ಪೀ! ಬಿರುಕು ಬಿಟ್ಟೈತೆ! ಬಾರೇ, ಎಲ್ಲ ಬೂದಿ ಆಗ್ತೈತೆ!"

ಅಷ್ಟು ವರ್ಷದ ಅಭ್ಯಾಸ, ಆಕೆಯ ಕೈ ತಾನಾಗಿ ಮಣ್ಣಿನ ಬುಟ್ಟಿಗೆ ಹೋಯಿತು. ಹಿಡಿದು, ನಿಂತಳು. ಹೋಗಿ ಮೆತ್ತಿದರೆ ಅದು ಇದ್ದಿಲಾಗಿ ಬೇರೆ ಊರಿನ ಒಲೆಯಲ್ಲಿ ಉರಿಯುತ್ತದೆ. ಮೆತ್ತದಿದ್ದರೆ ಇಲ್ಲೇ, ಈಗಲೇ ಉರಿಯುತ್ತದೆ. ಎರಡರಲ್ಲೂ ಮೇಲೆ ಹೋಗುವ ಗಾಳಿ ಒಂದೇ. ಬುಟ್ಟಿ ಕೆಳಗಿಟ್ಟಳು.

ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಬಂದಾಗ ನಾಗಕ್ಕ ಬಾಗಿಲಲ್ಲೇ ಸಿಕ್ಕಳು.

"ಅಕ್ಕ, ಆವಯ್ಯ ಕೂಗ್ಕಂತಾವನೆ. ಯಾವ ಕಡೆ ಹೊಂಟೆ?"

"ಹಿರಿಯೂರಿನ ಕಡೆ ಸಸಿ ಬೆಳೆಸೋಕೆ ಕೂಲಿಯೋರು ಬೇಕಂತೆ."

"ಈ ವಯಸ್ಸಿಗೆ ಸಸಿ ನೆಟ್ಟು ನೆರಳು ಕಾಣ್ತೀಯೇನೇ?"

"ಕಾಣಲ್ಲ" ಎಂದಳು ತಿಪ್ಪಕ್ಕ.

ನಾಗಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಗುಡ್ಡದ ಕಡೆಯಿಂದ ಗೂಡು ಬಾಯಿಬಿಟ್ಟ ಸದ್ದು ಬಂತು. ತಿಪ್ಪಕ್ಕ ಬಾಗಿಲು ಎಳೆದುಕೊಂಡು, ಚಿಲಕ ಹಾಕದೆ, ಅಂಗಳ ದಾಟಿದಳು.