ಉಡಿದಾರದ ಕೆಳಗಿನ ಕಪ್ಪು ಗುರುತು

ನಮ್ಮತ್ತೆ ಗಾದ್ರಮ್ಮನ ಬಾಯಿಗೆ ಹೆದರದವರು ಕೇರಿಯಲ್ಲಿ ಯಾರೂ ಇರಲಿಲ್ಲ. ಜಗಳೂರಿನ ಸುತ್ತಲ ಹೊಲಗಳ ಬದುವಿನಲ್ಲಿ ಹುಲ್ಲು ಕೊಯ್ದು, ಪೇಟೆಯಲ್ಲಿ ಎಮ್ಮೆ ಸಾಕಿದವರ ಮನೆಗಳಿಗೆ ಹೊರೆ ಹಾಕಿ ಬರುವುದು ಅವರ ಕೆಲಸ. ಹೊರೆ ಸಣ್ಣದಾಯಿತೆಂದು ಯಾರಾದರೂ ಗೊಣಗಿದರೆ, "ನಿಮ್ಮ ಎಮ್ಮೆನೇ ಏನೂ ಅಂದಿಲ್ಲ, ನಿಮಗ್ಯಾಕ್ರಿ?" ಎಂದು ಕೇಳಿ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಅವರೆದುರು ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದೆ. ಇವತ್ತು ನನ್ನ ಮಗ ಜಂಪಣ್ಣ ನನ್ನ ಕಣ್ಣ ಮುಂದಿದ್ದರೆ, ಅದು ಆ ಬಾಯಿಂದ ಬಂದ ಒಂದು ಸುಳ್ಳಿನ ಉಪಕಾರ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಜಂಪಣ್ಣನಿಗೆ ಮೂರು ತುಂಬಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಅಜ್ಜಿಯ ಹಿಂದೆ ಹೋಗಿ, ಪೊದೆಗಳ ಪಕ್ಕ ಬರಿಮೈಯಲ್ಲಿ ಕೂತು ಆಡುತ್ತಿದ್ದ. ನಡುವೆ ನಾನು ಅವನನ್ನು ತವರಿಗೂ ಕರೆದೊಯ್ದು ಬಂದೆ. ಅಲ್ಲಿರುವಾಗಲೇ ಜ್ವರ ಹಿಡಿಯಿತು. ಸೂಜಿ ಹಾಕಿಸಿದರೂ ಇಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಸುತ್ತ ಊದಿಕೊಂಡಿತು, ಅಳುವುದಕ್ಕೂ ತ್ರಾಣ ಉಳಿಯಲಿಲ್ಲ.

ಮೈ ಒರೆಸುವಾಗ ಉಡಿದಾರದ ಕೆಳಗೆ ಒಂದು ಕಪ್ಪು ಗುರುತು ಕಂಡಿತು. ಬೀಡಿ ತುದಿಯಿಂದ ಸುಟ್ಟ ಹಾಗೆ, ಸುತ್ತಲೂ ಕೆಂಪು. ನಮ್ಮ ಕೇರಿಯಲ್ಲಿ ಮಕ್ಕಳಿಗೆ ಜ್ವರ ಬಿಡದಿದ್ದರೆ ಕೆಂಪಕ್ಕನ ಹತ್ತಿರ ಹೊಟ್ಟೆಗೆ ಬರೆ ಹಾಕಿಸುತ್ತಿದ್ದರು. ನನ್ನ ಗಂಡ ಉಚ್ಚಂಗೆಪ್ಪನ ಹೊಟ್ಟೆಯ ಮೇಲೂ ಆ ಕಲೆ ಇದೆ. ತಮ್ಮ ಮೊದಲಿನ ಎರಡು ಮಕ್ಕಳು ಜ್ವರದಲ್ಲಿ ಹೋಗಿ ಇವರೊಬ್ಬರು ಉಳಿದದ್ದು ಬರೆಯಿಂದಲೇ ಎಂದು ಅತ್ತೆ ನಂಬಿದ್ದರು. ನಾನಿಲ್ಲದ ಹೊತ್ತು ನೋಡಿ ಮೊಮ್ಮಗನಿಗೂ ಹಾಕಿಸಿದ್ದಾರೆ ಎಂದು ನನಗೆ ಸಿಟ್ಟು ಬಂತು. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಸೈನ್ಯದಿಂದ ನಿವೃತ್ತರಾಗಿ ಪೇಟೆಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಮಹೇಶ್ವರಪ್ಪನವರ ಹತ್ತಿರ ಮಗುವನ್ನು ಹೊತ್ತುಕೊಂಡು ಹೋದೆವು. ಬರೆ ಹಾಕಿಸಿದವರನ್ನು ಕಂಡರೆ ಅವರು ಕಿಡಿಕಿಡಿಯಾಗುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ನಾನು ಮಗುವಿನ ಸೊಂಟಕ್ಕೆ ಟವೆಲ್ ಸುತ್ತಿ ಗಟ್ಟಿಯಾಗಿ ಹಿಡಿದಿದ್ದೆ. ನೋಡಿದರೆ ಆ ಟವೆಲಿನ ಇನ್ನೊಂದು ತುದಿಯನ್ನು ಅತ್ತೆಯೂ ಹಿಡಿದಿದ್ದರು.

ಹೊಟ್ಟೆ ಒತ್ತಿ ನೋಡಬೇಕು, ಬಿಡಿ ಎಂದರು ಡಾಕ್ಟರು. ನಾವು ಬಿಡಲಿಲ್ಲ. ಅವರೇ ಟವೆಲ್ ಎಳೆದರು. ಗುರುತು ಕಂಡು ಅವರ ಮುಖ ಕೆಂಪಾಯಿತು.

"ಯಾರು ಹಾಕ್ಸಿದ್ದು ಈ ಬರೆ?"

ಸಿಟ್ಟಿದ್ದರೂ, ನಾಲ್ಕು ಜನರೆದುರು ಅತ್ತೆ ಬೈಸಿಕೊಳ್ಳುವುದನ್ನು ನೋಡಲಾರೆ ಅನ್ನಿಸಿತು. "ನಾನೇ ಹಾಕ್ಸಿದ್ದು ಡಾಕ್ಟ್ರೆ," ಅಂದೆ.

"ಆ ಹುಡುಗಿಗೆ ಏನೂ ಗೊತ್ತಿಲ್ರಿ," ಎಂದು ಅತ್ತೆ ಮುಂದೆ ಬಂದರು. "ಹಾಕ್ಸಿದೋಳು ನಾನು. ಬೈಯಾದಿದ್ರೆ ನನ್ನ ಬೈರಿ."

"ಯಾತರಲ್ಲಿ ಹಾಕಿದ್ರಿ?"

"ಬಳೆಚೂರಲ್ಲಿ," ಅಂದೆ ನಾನು. "ಕುಡುಗೋಲಲ್ಲಿ," ಅಂದರು ಅತ್ತೆ.

ತಾಳೆಯಾಗದ ಎರಡು ಮಾತು ಕೇಳಿ ಡಾಕ್ಟರ ಕೋಪ ಅಲ್ಲಿಗೇ ನಿಂತಿತು. ಬಗ್ಗಿ, ಗುರುತನ್ನು ಬೆರಳಿನಿಂದ ಒತ್ತಿದರು. ಮಗು ಮುಖ ಕೂಡ ಕಿವುಚಲಿಲ್ಲ. ತೊಡೆಸಂದಿಯಲ್ಲಿ ಗಂಟು ಊದಿರುವುದನ್ನು ಮುಟ್ಟಿ ನೋಡಿದರು.

"ಇಬ್ರೂ ಸುಳ್ಳು ಹೇಳ್ತಿದೀರಿ. ಇದು ಬರೆ ಅಲ್ಲ, ಸುಟ್ಟಿದ್ರೆ ನೋಯಬೇಕಿತ್ತು. ಹುಲ್ಲು, ಪೊದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರ್ತವೆ. ಕಚ್ಚಿದ ಕಡೆ ಹಿಂಗೆ ಕಪ್ಪು ಹಕ್ಕಳೆ ಕಟ್ತೈತೆ. ಅಸ್ಸಾಂ ಕಡೆ ನಮ್ಮ ಸಿಪಾಯಿಗಳಲ್ಲಿ ನೋಡಿದ್ದೆ. ಸ್ಕ್ರಬ್ ಟೈಫಸ್ ಅಂತಾರೆ. ಪೆನ್ಸಿಲಿನ್ ಸೂಜಿ ಇದಕ್ಕೆ ನಾಟಲ್ಲ, ಬೇರೆ ಔಷಧಿನೇ ಬೇಕು. ನೀವು ಇದನ್ನ ಮುಚ್ಚಿಟ್ಟಿದ್ರೆ ಮಗು ಕೈಗೆ ಸಿಕ್ತಿರಲಿಲ್ಲ."

ಮಗುವನ್ನು ಅಲ್ಲೇ ಮಲಗಿಸಿಕೊಂಡು ಔಷಧಿ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಮೈ ಬೆವೆತು, ಜಂಪಣ್ಣ ಕಣ್ಣು ಬಿಟ್ಟು ರೊಟ್ಟಿ ಕೇಳಿದ. ನಾನು ಡಾಕ್ಟರ ಕಾಲಿಗೆ ಬಿದ್ದೆ. ಅತ್ತೆ ಹೋಗಿ ಅವರ ಮನೆ ಬಾಗಿಲಲ್ಲಿ ಹಸಿಹುಲ್ಲಿನ ದೊಡ್ಡದೊಂದು ಹೊರೆ ಇಳಿಸಿ ಬಂದರು. ಆ ಮನೆಯಲ್ಲಿ ಎಮ್ಮೆಯೂ ಇರಲಿಲ್ಲ, ಹಸುವೂ ಇರಲಿಲ್ಲ.

"ನಿನ್ನ ತವರಲ್ಲಿ ಹಾಕ್ಸಿದಾರೆ ಅನ್ಕಂಡಿದ್ದೆ ಕಣವ್ವ," ಎಂದರು ಅತ್ತೆ, ಮನೆಗೆ ಬರುವ ದಾರಿಯಲ್ಲಿ. "ಬೈಸ್ಕಳಾಕೆ ನಾನಿರುವಾಗ ನೀನ್ಯಾಕೆ ಅಂತ." ಆವತ್ತಿನಿಂದ ನಾನು ಅವರಿಗೆ ಹೆದರುವುದನ್ನು ಬಿಟ್ಟೆ. ಎಷ್ಟು ನೆನೆದರೂ ಆ ಋಣ ತೀರುವಂಥದ್ದಲ್ಲ.

ಆಮೇಲೆ ಕೇರಿಯಲ್ಲಿ ಯಾವ ಕೂಸಿಗೆ ಜ್ವರ ಬಂದರೂ ಅತ್ತೆ ಹಾಜರು. ಉಡಿದಾರ ಸರಿಸಿ, ಕಂಕುಳು, ಕಿವಿಯ ಹಿಂದೆ, ತೊಡೆಸಂದಿ ಎಲ್ಲ ನೋಡಿ, "ನಡೀರಿ ಡಾಕ್ಟ್ರ ಹತ್ರ" ಎಂದು ಎಬ್ಬಿಸುತ್ತಿದ್ದರು. ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ಒಂದು ಸಂಜೆ ಕುಡುಗೋಲು ಮಸೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ಹೋದವಲ್ಲ ಆ ಎರಡು ಕೂಸು, ಅವಕ್ಕೂ ಹಿಂಗೇ ಆಗಿತ್ತೇನವ್ವ? ನಾನು ಉಡಿದಾರ ಸರಿಸಿ ನೋಡಲೇ ಇಲ್ಲ."

"ಇಲ್ಲತ್ತೆ, ಅವಕ್ಕೆ ಬಂದಿದ್ದು ಬೇರೆ ಜ್ವರ. ಡಾಕ್ಟ್ರನ್ನೇ ಕೇಳಿದೀನಿ," ಅಂದೆ. ನಾನು ಯಾರನ್ನೂ ಕೇಳಿರಲಿಲ್ಲ.

ಅತ್ತೆ ನನ್ನ ಮುಖ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಬಳೆಚೂರಲ್ಲಿ ಬರೆ ಹಾಕ್ಸಿದೋಳು ನೀನೇ ಅಲ್ವೇನು," ಎಂದು ನಕ್ಕು, ಜಂಪಣ್ಣನನ್ನು ತೊಡೆಯ ಮೇಲೆ ಎಳೆದುಕೊಂಡರು.