ಟೈಲರಮ್ಮನ ಬಲಗೈ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೈಲರಮ್ಮ ಇಪ್ಪತ್ತೆರಡು ವರ್ಷ ಅಂಗಿ ಹೊಲಿದರು. ಕೆಲಸದಲ್ಲಿ ಎತ್ತಿದ ಕೈ. ಆ ಕೈಯೇ ಜೋಮು ಹಿಡಿಯತೊಡಗಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್, ಹದಿನೈದು ದಿನಕ್ಕೆ ಮಿಷನ್ ಮೇಲೆ ಕೂರಬಹುದು ಎಂದರು ಸರ್ಜನ್.

ಆಪರೇಷನ್ ಆದಮೇಲೆ ಹೆಬ್ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಮೂರು ತಿಂಗಳು ಕಾಯಿರಿ ಎಂದರು, ಆರು ತಿಂಗಳು ಎಂದರು, ಆಮೇಲೆ ಭೇಟಿಗೇ ಸಿಗಲಿಲ್ಲ. ಟೈಲರಮ್ಮನ ತಮ್ಮ ಅವರನ್ನು ಒಬ್ಬ ವಕೀಲರಲ್ಲಿಗೆ ಕರೆದೊಯ್ದ.

ಕೇಸು ಐದು ವರ್ಷ ಎಳೆಯಿತು. ಟೈಲರಮ್ಮನ ಪರವಾಗಿ ನಿವೃತ್ತ ಸರ್ಜರಿ ಪ್ರೊಫೆಸರೊಬ್ಬರು ಬಂದು, ನರ ಕತ್ತರಿಸಿಹೋಗಿದೆ, ಎಚ್ಚರವಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಸಣ್ಣದಾಗಿ ಸೀಳಿ ಮಾಡುವ ಈ ವಿಧಾನದಲ್ಲಿ ತಾವು ಎಷ್ಟು ಆಪರೇಷನ್ ಮಾಡಿದ್ದೀರಿ ಎಂದು ಎದುರು ವಕೀಲರು ಕೇಳಿದರು. ಒಂದೂ ಇಲ್ಲ, ನಮ್ಮ ಕಾಲದಲ್ಲಿ ಅಗಲವಾಗಿ ಬಿಡಿಸುತ್ತಿದ್ದೆವು ಎಂದು ಅವರು ಒಪ್ಪಿಕೊಂಡರು. ಆಸ್ಪತ್ರೆಯ ಕಡೆಯ ತಜ್ಞರು, ಎಂಥ ಪಳಗಿದ ಕೈಯಲ್ಲೂ ಒಮ್ಮೊಮ್ಮೆ ಹೀಗಾಗುತ್ತದೆ ಎಂದರು.

ಆಮೇಲೆ ಟೈಲರಮ್ಮನ ಸರದಿ. ಎದುರು ವಕೀಲರು ಕೇಳಿದರು,

“ಡಾಕ್ಟ್ರು ಅಜಾಗರೂಕತೆಯಿಂದ ಮಾಡಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?”

“ಹೆಂಗ್ ನೋಡ್ಲಿ ಸ್ವಾಮಿ, ಮುಖದ ಮೇಲೆ ಬಟ್ಟೆ ಹಾಕಿದ್ರು.”

ಆಪರೇಷನ್ ವಿವರದ ಹಾಳೆಯಲ್ಲಿ ‘ನರ ಭದ್ರವಾಗಿದೆ’ ಎಂಬ ಸಾಲಿನ ಶಾಯಿಯ ನೀಲಿ ಬೇರೆ ಎಂದು ಗುರುತಿಸಿದವರೂ ಟೈಲರಮ್ಮನೇ. ದಾರದ ಬಣ್ಣ ಹೊಂದಿಸಿ ಪಳಗಿದ ಕಣ್ಣು. ಆದರೆ ಆ ಸಾಲು ಯಾವಾಗ ಬರೆದದ್ದೆಂದು ಹೇಳಲಾಗದು ಎಂದು ಶಾಯಿ ಪರೀಕ್ಷೆಯ ವರದಿ ಬಂತು.

ವೈದ್ಯರಲ್ಲೇ ಎರಡು ಅಭಿಪ್ರಾಯಗಳಿರುವಾಗ ಒಂದನ್ನು ಅನುಸರಿಸಿದ್ದು ನಿರ್ಲಕ್ಷ್ಯವಲ್ಲ, ಫಲಿತಾಂಶ ಕೆಟ್ಟಿತೆಂಬ ಮಾತ್ರಕ್ಕೆ ವೈದ್ಯರು ತಪ್ಪಿತಸ್ಥರಲ್ಲ ಎಂದು ನ್ಯಾಯಾಧೀಶರು ತೀರ್ಪು ಓದಿದರು. ಅರ್ಜಿದಾರರ ಬಗ್ಗೆ ಅನುಕಂಪವಿದೆ ಎಂದೂ ಒಂದು ಸಾಲಿತ್ತು. ಪಕ್ಕದ ಬೆಂಚಿನಲ್ಲಿದ್ದ ಸರ್ಜನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಮನುಷ್ಯನೂ ಐದು ವರ್ಷದಲ್ಲಿ ಸೊರಗಿದ್ದರು. ಟೈಲರಮ್ಮನಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ.

ಮೆಟ್ಟಿಲ ಮೇಲೆ ವಕೀಲರನ್ನು ಕೇಳಿದರು, “ಹಂಗಾದ್ರೆ ಯಾರ ತಪ್ಪೂ ಇಲ್ವಾ?”

“ಕಾನೂನಿನ ಲೆಕ್ಕದಲ್ಲಿ ಇಲ್ಲಮ್ಮ.”

ಮೇಲ್ಮನವಿಗೆ ಈ ವಿಧಾನ ಬಲ್ಲ ತಜ್ಞರ ಮಾತು ಬೇಕಿತ್ತು. ನಾಲ್ವರು ಸರ್ಜನ್‌ಗಳ ಬಾಗಿಲು ತಟ್ಟಿದ ತಮ್ಮ. ಮೂವರು ಫೈಲು ಮುಟ್ಟಲಿಲ್ಲ. ನಾಲ್ಕನೆಯವರು ಪೂರ್ತಿ ಓದಿ, ತಪ್ಪಾಗಿದೆ ಅನಿಸುತ್ತೆ, ಆದರೆ ಬರೆದುಕೊಡಲಾರೆ ಎಂದು ಕೈಮುಗಿದರು.

ಮೇಲ್ಮನವಿಯ ಗಡುವು ಮುಗಿದ ದಿನ ಟೈಲರಮ್ಮ ಕೂಲಿಗೆ ಸೇರಿದ್ದ ಲಾಂಡ್ರಿಯಲ್ಲಿ ಒಗೆದ ಬಟ್ಟೆಯ ಗಂಟು ಕಟ್ಟುತ್ತಿದ್ದರು, ಎಡಗೈಯಿಂದ, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು.